ಬಾವಿಯೊಳಗಿನ ಕೋವಿ: ಹಳೆಯ ಕೋಟೆಗಳಲ್ಲಿ ಸಿಕ್ಕ ಮೊದಲ ಬಂದೂಕುಗಳ ವಯಸ್ಸು

(ಶಿವಮೊಗ್ಗದಲ್ಲಿ ಇತಿಹಾಸಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳ ಬದಲಿಗೆ ಇಲ್ಲಿ ಮಾತಿನಲ್ಲೇ ವಿವರಣೆ ಸೇರಿಸಿದ್ದೇನೆ.)

ಹಿರಿಯರೇ, ಗೆಳೆಯರೇ,

ನಿಮ್ಮ ಜಿಲ್ಲೆಯ ಬಾವಿಯೊಂದರಿಂದಲೇ ಮಾತು ಆರಂಭಿಸುತ್ತೇನೆ. 2018ರ ಜುಲೈ ತಿಂಗಳಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಹಾಳುಬಿದ್ದ ಬಾವಿಯೊಂದರ ಕೆಸರು ತೆಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಹೈದರಾಲಿ ಮತ್ತು ಟಿಪ್ಪುವಿನ ಕಾಲದವು. ಬಾವಿಯ ಕೆಸರಿಗೇ ಮದ್ದಿನ ವಾಸನೆ ಇತ್ತು ಎಂದು ಅಗೆದವರು ಹೇಳಿದರು. ಅದಕ್ಕೂ ಮುಂಚೆ 2002ರಲ್ಲಿ ಅಲ್ಲಿಯೇ ಇಂತಹ ಕೆಲವು ಕೊಳವೆಗಳು ಸಿಕ್ಕಿದ್ದವು. ಅವು ಯುದ್ಧದ ರಾಕೆಟ್‌ಗಳೆಂದು ಖಚಿತವಾಗಲು ಮತ್ತೆ ಹಲವು ವರ್ಷಗಳು ಬೇಕಾದವು. ಈ ವಿವರವನ್ನು ದಯವಿಟ್ಟು ನೆನಪಿನಲ್ಲಿಡಿ. ಕೈಯಲ್ಲಿರುವ ವಸ್ತು ಏನೆಂದು ಗುರುತಿಸುವುದು ಒಂದು ಕೆಲಸ, ಅದು ಎಂದಿನದೆಂದು ತಿಳಿಯುವುದು ಇನ್ನೊಂದು ಕೆಲಸ. ಎರಡೂ ಸುಲಭವಲ್ಲ.

ಇಂದು ನಾನು ಹೇಳಹೊರಟಿರುವುದು ಇನ್ನೊಂದು ಬಾವಿಯ ಕಥೆ. ಅದು ಜರ್ಮನಿಯ ಹೆಸ್ಸೆ ಪ್ರಾಂತದ ಟಾನೆನ್‌ಬೆರ್ಗ್ ಎಂಬ ಗುಡ್ಡದ ಮೇಲಿನ ಕೋಟೆಯದು. 1849ರಲ್ಲಿ ಹೆಫ್ನರ್-ಆಲ್ಟೆನೆಕ್ ಮತ್ತು ವೋಲ್ಫ್ ಎಂಬ ಇಬ್ಬರು ವಿದ್ವಾಂಸರು ಅದರ ಅವಶೇಷಗಳನ್ನು ಅಗೆಸಿದರು. ಕೋಟೆಯೊಳಗಿನ ನೀರಿನ ಬಾವಿಯಿಂದ ಕಂಚಿನ ಒಂದು ಕೊಳವೆ ಹೊರಬಂದಿತು. ಉದ್ದ ಸುಮಾರು 32 ಸೆಂಟಿಮೀಟರ್, ಅಂದರೆ ಒಂದೂವರೆ ಗೇಣಿಗೆ ತುಸು ಕಡಿಮೆ. ತೂಕ ಹತ್ತಿರಹತ್ತಿರ ಒಂದೂಕಾಲು ಕಿಲೋ. ಹೊರಮೈ ಎಂಟು ಮುಖಗಳದ್ದು. ಒಂದು ತುದಿಯಲ್ಲಿ ಗುಂಡು ಹೊರಡುವ ಬಾಯಿ, ಇನ್ನೊಂದು ತುದಿಯಲ್ಲಿ ಮರದ ಕೋಲು ಸಿಕ್ಕಿಸಲು ಮಾಡಿದ ಪೊಳ್ಳು. ನಡುವೆ, ಮೇಲ್ಭಾಗದಲ್ಲಿ, ಬೆಂಕಿ ತಾಗಿಸಲು ಒಂದು ಸಣ್ಣ ಕಿಂಡಿ. ಸಲಿಕೆಗೆ ಹಿಡಿ ಹಾಕಿದಂತೆ ಹಿಂಬದಿಗೆ ಕೋಲು ಸಿಕ್ಕಿಸಿ, ಕಂಕುಳಲ್ಲಿ ಒತ್ತಿ ಹಿಡಿದು, ಕಾದ ಕಬ್ಬಿಣದ ಕಡ್ಡಿಯನ್ನೋ ಕೆಂಡವನ್ನೋ ಆ ಕಿಂಡಿಗೆ ತಾಗಿಸಿದರೆ ಕೋವಿ ಹಾರುತ್ತಿತ್ತು. ಬೆರಳಿನಿಂದ ಎಳೆಯುವ ಕುದುರೆಯಿಲ್ಲ, ಗುರಿಯ ಮಣಿಯಿಲ್ಲ. ಈ ಕೋವಿ ಇಂದು ನ್ಯೂರೆಂಬರ್ಗ್‌ನ ವಸ್ತುಸಂಗ್ರಹಾಲಯದಲ್ಲಿದೆ. ಯುರೋಪಿನಲ್ಲಿ ಉಳಿದಿರುವ ಅತಿ ಹಳೆಯ ಕೈಕೋವಿಗಳ ಮಾತು ಬಂದಾಗಲೆಲ್ಲ ಇದರ ಹೆಸರು ಬರುತ್ತದೆ.

ಅದಕ್ಕೆ ಅಷ್ಟು ಗೌರವ ಸಿಕ್ಕಿದ್ದು ಚೆಲುವಿನಿಂದಲ್ಲ. ಅದರ ಹಿಂದೆ ಒಂದು ತಾರೀಖಿದೆ. ಟಾನೆನ್‌ಬೆರ್ಗ್ ಕೋಟೆ ದಾರಿಹೋಕ ವರ್ತಕರನ್ನು ಸುಲಿಯುವವರ ಆಸರೆಯಾಗಿದೆ ಎಂಬ ದೂರು ಸುತ್ತಲಿನ ನಗರಗಳದ್ದಾಗಿತ್ತು. 1399ರ ಜುಲೈನಲ್ಲಿ ಮೈನ್ಸ್‌ನ ಆರ್ಚ್‌ಬಿಷಪ್, ರೈನ್ ಪ್ರಾಂತದ ಅರಸ ರೂಪ್ರೆಕ್ಟ್, ಫ್ರಾಂಕ್‌ಫರ್ಟ್ ಮೊದಲಾದ ನಗರಗಳು ಒಟ್ಟಾಗಿ ಮುತ್ತಿಗೆ ಹಾಕಿದವು. ಫ್ರಾಂಕ್‌ಫರ್ಟ್ ತನ್ನ ದೊಡ್ಡ ಕಲ್ಲುಗುಂಡಿನ ಫಿರಂಗಿಯನ್ನು ಗುಡ್ಡಕ್ಕೆ ಎಳೆಯಿಸಿತು. ಕೋಟೆ ಬಿದ್ದಿತು, ಗೋಡೆಗಳನ್ನು ಕೆಡವಿದರು, ಮತ್ತೆ ಯಾರೂ ಕಟ್ಟಲಿಲ್ಲ. ಹಾಗಾಗಿ ಕುಸಿದ ಕಲ್ಲುಗಳ ಅಡಿಯಲ್ಲಿ ಉಳಿದದ್ದೆಲ್ಲ 1399ಕ್ಕೆ ಮುಂಚಿನದು ಅಥವಾ ಅದೇ ವರ್ಷದ್ದು ಎಂದು ವಾದಿಸಬಹುದು.

ಈ ವಾದದ ಕೀಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡೋಣ. ಇಂದಿನ ಮಾತಿನ ತಿರುಳು ಇರುವುದು ಇಲ್ಲಿಯೇ.

ಮೊದಲನೆಯ ಮಾತು: 1399 ಎಂಬುದು ಕೋವಿ ಕಳೆದುಹೋದ ವರ್ಷ. ಅದು ಹುಟ್ಟಿದ ವರ್ಷ ಬೇರೆ. ಕಂಚು ಬೆಲೆಬಾಳುವ ಲೋಹ, ಕಂಚಿನ ಕೋವಿ ತುಕ್ಕು ಹಿಡಿದು ಹಾಳಾಗುವುದಿಲ್ಲ. ಎರಕ ಹೊಯ್ದ ಮರುವರ್ಷವೇ ಅದು ಬಾವಿಗೆ ಬಿದ್ದಿರಬಹುದು, ಮೂವತ್ತು ವರ್ಷ ಗೋಡೆಯ ಮೇಲೆ ಕಾವಲು ಕಾದ ನಂತರವೂ ಬಿದ್ದಿರಬಹುದು. ನಮ್ಮ ಮಲೆನಾಡಿನ ಮನೆಗಳಲ್ಲಿ ಅಜ್ಜನ ಕೇಪಿನ ಕೋವಿ ಮೊಮ್ಮಗನ ಕಾಲದಲ್ಲಿಯೂ ಗೋಡೆಗೆ ತೂಗಿರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟೇ: ಇಂತಹ ಕೋವಿ 1399ರ ಹೊತ್ತಿಗೆ ಇತ್ತು. ‘1399ರ ಕೋವಿ’ ಎಂದು ಚೀಟಿ ಬರೆದರೆ ಅದು ತಪ್ಪಾಗುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. ಬಾವಿ ಮುಚ್ಚಿದ್ದು ಯಾವಾಗ? ಕೋಟೆ ಬಿದ್ದ ದಿನವೇ ಗೋಡೆ ಕುಸಿದು ಬಾವಿಯ ಬಾಯಿ ಮುಚ್ಚಿದ್ದರೆ ಒಳಗಿನ ವಸ್ತುಗಳಿಗೆ ಮೊಹರು ಬಿದ್ದಂತೆ. ಬಾಯಿ ತೆರೆದೇ ಇದ್ದರೆ, ಮುಂದಿನ ಐವತ್ತು ವರ್ಷಗಳಲ್ಲಿ ಕಲ್ಲು ಒಯ್ಯಲು ಬಂದವನೋ ಬೇಟೆಗಾರನೋ ಏನನ್ನಾದರೂ ಬೀಳಿಸಿರಬಹುದು. ಮಣ್ಣನ್ನು ಪದರ ಪದರವಾಗಿ ಬಿಡಿಸಿ, ಪ್ರತಿ ಪದರದ ಚಿತ್ರ ಬರೆದು, ಯಾವ ವಸ್ತು ಯಾವುದರ ಮೇಲೆ, ಯಾವುದರ ಕೆಳಗೆ ಇತ್ತೆಂದು ದಾಖಲಿಸುವ ಇಂದಿನ ಶಿಸ್ತು 1849ರಲ್ಲಿ ಇನ್ನೂ ಬೆಳೆದಿರಲಿಲ್ಲ. ಆ ಇಬ್ಬರನ್ನು ನಾನು ದೂರುತ್ತಿಲ್ಲ. ಮರುವರ್ಷವೇ ಚಿತ್ರಸಹಿತ ವರದಿ ಪ್ರಕಟಿಸಿದರು, ಅದು ಅಂದಿನ ಕಾಲಕ್ಕೆ ದೊಡ್ಡ ಮಾತು. ಆದರೂ ಜಗತ್ತಿನ ಅತಿ ಪ್ರಸಿದ್ಧ ಕೋವಿಯೊಂದರ ವಯಸ್ಸು ನಿಂತಿರುವುದು ಒಂದು ಯುದ್ಧದ ಬರಹದ ಮೇಲೆ ಮತ್ತು ಬಾವಿ ಬೇಗನೆ ಮುಚ್ಚಿತೆಂಬ ನಂಬಿಕೆಯ ಮೇಲೆ ಎಂಬುದನ್ನು ನಾವು ಮರೆಯಬಾರದು. ಕೋವಿಯ ಆಕಾರ, ಅದರೊಡನೆ ಕೋಟೆಯಲ್ಲಿ ಸಿಕ್ಕ ಉಳಿದ ವಸ್ತುಗಳು ಆ ನಂಬಿಕೆಗೆ ಒತ್ತಾಸೆಯಾಗಿ ನಿಲ್ಲುತ್ತವೆ. ನಾನೂ ಆ ವಾದವನ್ನು ಒಪ್ಪುತ್ತೇನೆ.

ಎಸ್ಟೋನಿಯಾದ ಓಟೆಪಾ ಎಂಬಲ್ಲಿ ಬಿಷಪ್ಪರ ಕೋಟೆಯಿತ್ತು. 1950ರ ದಶಕದ ಉತ್ಖನನದಲ್ಲಿ ಅಲ್ಲಿಯೂ ಒಂದು ಪುಟ್ಟ ಕೋವಿ ಸಿಕ್ಕಿತು. ಕೋಟೆ 14ನೆಯ ಶತಮಾನದ ಕೊನೆಗೆ, 1396ರ ಸುಮಾರಿಗೆ ಹಾಳಾಯಿತೆಂಬ ಆಧಾರದ ಮೇಲೆ ಅದನ್ನೂ ಅದಕ್ಕೆ ಹಿಂದಿನದೆಂದು ಹೇಳುತ್ತಾರೆ. ವಾದದ ರೀತಿ ಟಾನೆನ್‌ಬೆರ್ಗ್‌ನದೇ: ಕೋಟೆ ಸತ್ತ ದಿನ ಗೊತ್ತಿದ್ದರೆ ಅದರ ಹೊಟ್ಟೆಯಲ್ಲಿದ್ದ ವಸ್ತುವಿಗೆ ಒಂದು ಗಡಿ ಸಿಗುತ್ತದೆ.

ಈಗ ಇದಕ್ಕೆ ವಿರುದ್ಧವಾದ ಉದಾಹರಣೆ ನೋಡಿ. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಬೋಡಿಯಮ್ ಎಂಬ ಕೋಟೆಯಿದೆ. ಸುತ್ತಲೂ ಅಗಲವಾದ ಅಗಳು, ನಡುವೆ ನೀರಿನಲ್ಲಿ ತೇಲುತ್ತಿರುವಂತೆ ಕಾಣುವ ಕಟ್ಟಡ. ಕಟ್ಟಲು ಅರಸನ ಅಪ್ಪಣೆ ಸಿಕ್ಕಿದ್ದು 1385ರಲ್ಲಿ. ಅದರ ಅಗಳಿನಿಂದ ಸಿಕ್ಕಿತೆಂದು ಹೇಳುವ, ಕಬ್ಬಿಣದ ಬಳೆಗಳನ್ನು ಬಿಗಿದು ಮಾಡಿದ ಗಿಡ್ಡ ಫಿರಂಗಿಯೊಂದು ಪ್ರಸಿದ್ಧವಾಗಿದೆ. 1385ರ ಕೋಟೆಯಲ್ಲಿ ಸಿಕ್ಕಿದ್ದರಿಂದ ಅದೂ 1385ರದ್ದೇ ಎಂದು ಹೇಳಲಾದೀತೇ? ಖಂಡಿತ ಇಲ್ಲ. ಅಗಳು ಶತಮಾನಗಳ ಕಾಲ ಬಾಯಿ ತೆರೆದ ಕಸದ ಗುಂಡಿ. ಕಟ್ಟಿದ ವರ್ಷ ಏನನ್ನೂ ಹೇಳದು, ಮುಚ್ಚಿದ ವರ್ಷವೇ ಬೇಕು, ಮತ್ತು ಅಗಳು ಮುಚ್ಚುವುದೇ ಇಲ್ಲ. ಈ ಫಿರಂಗಿಯ ವಯಸ್ಸನ್ನು ಅದರ ಮೈಕಟ್ಟಿನಿಂದಲೇ ಊಹಿಸಬೇಕಾಗಿದೆ. ಹಾಗಿದ್ದೂ ಬೋಡಿಯಮ್ ನಮಗೆ ಇನ್ನೊಂದು ರೀತಿಯಲ್ಲಿ ನೆರವಾಗುತ್ತದೆ. ಅದರ ಹೆಬ್ಬಾಗಿಲ ಗೋಡೆಯಲ್ಲಿ ಬೀಗದ ಕೈ ತೂರಿಸುವ ತೂತಿನ ಆಕಾರದ ಕಿಂಡಿಗಳಿವೆ. ಕೆಳಗಿನ ದುಂಡು ಭಾಗ ಕೋವಿಯ ನಳಿಗೆಗೆ, ಮೇಲಿನ ಸೀಳು ನೋಡಲು. ಕಲ್ಲಿನ ಆ ಕಿಂಡಿ ಗೋಡೆಯ ಜೊತೆಗೇ ಕಟ್ಟಿದ್ದು, ಯಾರೂ ಹೊರಗಿನಿಂದ ತಂದು ಬೀಳಿಸಿದ್ದಲ್ಲ. ಕೋವಿ ಒಂದೂ ಸಿಗದ ಕೋಟೆಯಲ್ಲಿ ಕೂಡ ಕೋವಿ ಬಂದ ಕಾಲವನ್ನು ಗೋಡೆ ಹೇಳಬಲ್ಲದು.

ಗುರುತಿಸುವ ವಿಷಯಕ್ಕೆ ಬರುತ್ತೇನೆ. ಒಮ್ಮೆ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ಹೊಲದಲ್ಲಿ ಸಿಕ್ಕ ಕಬ್ಬಿಣದ ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ ತಂದು, ಪಾಳೆಯಗಾರರ ಕೋವಿ ಎಂದು ನನ್ನ ಕೈಗಿಟ್ಟರು. ಅವರ ಕಣ್ಣಿನಲ್ಲಿದ್ದ ಆಸೆ ಇನ್ನೂ ನೆನಪಿದೆ. ನೋಡಿದರೆ ಎರಡು ತುದಿಯೂ ತೆರೆದಿವೆ, ಒಳಮೈ ಸವೆದು ನುಣುಪಾಗಿದೆ. ಅದು ಎತ್ತಿನ ಗಾಡಿಯ ಚಕ್ರದ ನಡುವೆ ಅಚ್ಚು ತಿರುಗಲು ಕೂರಿಸುವ ಕೊಳವೆ. ಹೇಳಲು ಬೇಸರವಾಯಿತು, ಆದರೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಇದು ನಮ್ಮ ಅಜ್ಜನ ಗಾಡಿಯದ್ದೇ ಇರಬೇಕು’ ಎಂದು ಅದನ್ನು ಮೊದಲಿಗಿಂತ ಜೋಪಾನವಾಗಿ ಸುತ್ತಿಕೊಂಡರು.

ಯುರೋಪಿನ ಅಗೆತಗಳಲ್ಲಿಯೂ ಇದೇ ತೊಡಕು. ಮುರಿದ ಕೊಳವೆ, ಕೀಲು, ಕುಟ್ಟಾಣಿ, ಪಾತ್ರೆಯ ಕಾಲು, ದೀಪದ ಕಂಬದ ತುಂಡು, ಇವೆಲ್ಲ ತುಕ್ಕಿನ ಮುದ್ದೆಯಾದಾಗ ಕೋವಿಯಂತೆಯೇ ಕಾಣುತ್ತವೆ. ಕೋವಿಗೆ ಮೂರು ಲಕ್ಷಣಗಳು ಒಟ್ಟಿಗೆ ಇರಬೇಕು: ಮದ್ದು ತುಂಬುವ ಪೊಳ್ಳಿನ ಒಂದು ತುದಿ ಮುಚ್ಚಿರಬೇಕು, ಆ ಮುಚ್ಚಿದ ತುದಿಯ ಸುತ್ತ ಗೋಡೆ ದಪ್ಪವಾಗಿರಬೇಕು, ಅಲ್ಲಿಯೇ ಹೊರಗಿನಿಂದ ಒಳಕ್ಕೆ ರಂಜಕದ, ಅಂದರೆ ಬೆಂಕಿ ಹೊತ್ತಿಸುವ ಮದ್ದಿನ, ಕಿಂಡಿ ಇರಬೇಕು. ಹಾಗೆಂದು ಈ ಮೂರೂ ಇದ್ದ ಮಾತ್ರಕ್ಕೆ ಕೋವಿಯೆಂದು ತೀರ್ಮಾನಿಸುವಂತಿಲ್ಲ. ನಮ್ಮ ಕರಾವಳಿಯ ಜಾತ್ರೆಗಳಲ್ಲಿ ಸಿಡಿಸುವ ಕದಿನವನ್ನು ನೆನೆಯಿರಿ. ಗಿಡ್ಡ ಕಬ್ಬಿಣದ ಹೂಜಿ, ಬುಡದಲ್ಲಿ ಕಿಂಡಿ, ಒಳಗೆ ಮದ್ದು ಜಡಿದು ಬತ್ತಿ ಹಚ್ಚುತ್ತಾರೆ. ಸದ್ದು ಬರುತ್ತದೆ, ಗುಂಡು ಹೋಗುವುದಿಲ್ಲ. ಐನೂರು ವರ್ಷಗಳ ನಂತರ ಕದಿನವೊಂದು ಕೋಟೆಯ ಮಣ್ಣಿನಲ್ಲಿ ಸಿಕ್ಕರೆ ಅದನ್ನು ಪುಟ್ಟ ಫಿರಂಗಿಯೆಂದು ಬರೆಯುವವರು ಇದ್ದೇ ಇರುತ್ತಾರೆ.

ಕೆಲವೊಮ್ಮೆ ಸಿಗುವುದು ಚೂರು ಮಾತ್ರ. ಇಂಗ್ಲೆಂಡಿನ ಟೌಟನ್ ರಣಭೂಮಿಯಲ್ಲಿ, 1461ರಲ್ಲಿ ಭೀಕರ ಕದನ ನಡೆದ ಹೊಲಗಳಲ್ಲಿ, ಒಡೆದ ಕಂಚಿನ ನಳಿಗೆಗಳ ತುಂಡುಗಳು ಸಿಕ್ಕ ಸುದ್ದಿ 2010ರಲ್ಲಿ ಹೊರಬಿತ್ತು. ಹಾರಿಸಿದವನ ಕೈಯಲ್ಲೇ ಸಿಡಿದುಹೋದ ಕೋವಿಗಳು. ಅಂಗೈಯಲ್ಲಿ ಹಿಡಿಸುವ ತುಂಡಿನ ಒಳಬಾಗನ್ನು ಅಳೆದರೆ ಇಡೀ ನಳಿಗೆಯ ವ್ಯಾಸ ಲೆಕ್ಕಕ್ಕೆ ಸಿಗುತ್ತದೆ. ಒಡೆದ ಅಂಚಿನ ಸ್ವರೂಪದಿಂದ ಅದು ಎರಕದ ದೋಷದಿಂದ ಬಿರಿದದ್ದೇ ಎಂದು ಊಹಿಸಲಾಗುತ್ತದೆ.

ಆಕಾರದಿಂದ ಕಾಲ ಹೇಳುವ ಬಗೆಯನ್ನು ನಾನು ಬೇಗ ದಾಟುತ್ತೇನೆ, ಏಕೆಂದರೆ ಬಹುಮಂದಿ ಅದನ್ನು ಅತಿಯಾಗಿ ನಂಬುತ್ತಾರೆ. ಸ್ಥೂಲವಾಗಿ ಹೇಳುವುದಾದರೆ, ಮೊದಲ ಕೋವಿಗಳು ಗಿಡ್ಡ, ಕಿಂಡಿ ನಳಿಗೆಯ ಮೇಲ್ಭಾಗದಲ್ಲಿ. ನಂತರ ನಳಿಗೆಯ ಕೆಳಗೆ ಕೊಕ್ಕೆ ಬರುತ್ತದೆ. ಅದನ್ನು ಗೋಡೆಯ ಅಂಚಿಗೆ ಸಿಕ್ಕಿಸಿದರೆ ಹಿನ್ನೊದೆತವನ್ನು ಗೋಡೆಯೇ ತಡೆಯುತ್ತದೆ. 15ನೆಯ ಶತಮಾನದ ಆರಂಭದಲ್ಲಿ ಮದ್ದನ್ನು ಹುಡಿಯಾಗಿ ಬಿಡದೆ ಕಾಳುಕಾಳಾಗಿ ಮಾಡುವುದನ್ನು ಕಲಿತರು. ಬಲ ಹೆಚ್ಚಿತು, ನಳಿಗೆ ನೀಳವಾಯಿತು. 1411ರ ಹಸ್ತಪ್ರತಿಯೊಂದರಲ್ಲಿ, ಉರಿಯುವ ಬತ್ತಿಯನ್ನು ಕಿಂಡಿಗೆ ಬಗ್ಗಿಸುವ ಸನ್ನೆಗೋಲಿನ ಚಿತ್ರ ಕಾಣಿಸಿಕೊಳ್ಳುತ್ತದೆ. ಮುಂದೆ ಕಿಂಡಿ ಪಕ್ಕಕ್ಕೆ ಸರಿದು, ರಂಜಕಕ್ಕೆ ಪುಟ್ಟ ಬಟ್ಟಲು ಸೇರುತ್ತದೆ. ಲೋಹವೂ ಕೆಲವೊಮ್ಮೆ ಗಡಿ ಹಾಕುತ್ತದೆ. ಇಂಗ್ಲೆಂಡಿನಲ್ಲಿ ಕಬ್ಬಿಣದ ಫಿರಂಗಿಯನ್ನು ಒಂದೇ ಎರಕದಲ್ಲಿ ಹೊಯ್ಯುವುದು ಕೈಗೂಡಿದ್ದು 1543ರಲ್ಲಿ, ಸಸೆಕ್ಸ್‌ನಲ್ಲಿ. ಇಂಗ್ಲಿಷ್ ಕೋಟೆಯಲ್ಲಿ ಅಂತಹ ಸ್ಥಳೀಯ ಎರಕದ ಫಿರಂಗಿ ಸಿಕ್ಕರೆ ಅದನ್ನು ಮಧ್ಯಯುಗಕ್ಕೆ ಒಯ್ಯುವ ಆಸೆಯನ್ನು ಬಿಡಬೇಕು.

ಆಕಾರದ ವಾದದಲ್ಲಿ ಒಂದು ಸುಳಿ ಇದೆ. ಸ್ವೀಡನ್ನಿನ ಲೋಶುಲ್ಟ್‌ನಲ್ಲಿ 1861ರಲ್ಲಿ ಕಂಚಿನ ಕೋವಿಯೊಂದು ಸಿಕ್ಕಿತು. ಹೊಟ್ಟೆ ದಪ್ಪಗಿರುವ ಹೂಜಿಯಂತೆ, ಸುಮಾರು 30 ಸೆಂಟಿಮೀಟರ್ ಉದ್ದ, 9 ಕಿಲೋ ತೂಕ. ಅದರ ಸುತ್ತ ಕೋಟೆಯಿಲ್ಲ, ಮುತ್ತಿಗೆಯ ದಾಖಲೆಯಿಲ್ಲ. ಆದರೂ ಅದನ್ನು 14ನೆಯ ಶತಮಾನದ ಮೊದಲರ್ಧಕ್ಕೆ ಸೇರಿಸುತ್ತಾರೆ. ಏಕೆಂದರೆ 1326ರ ಇಂಗ್ಲಿಷ್ ಹಸ್ತಪ್ರತಿಯೊಂದರಲ್ಲಿ, ಮೇಜಿನಂತಹ ಪೀಠದ ಮೇಲೆ ಮಲಗಿಸಿದ ಹೂಜಿಯಾಕಾರದ ಆಯುಧವೊಂದು ಕೋಟೆಯ ಬಾಗಿಲಿನತ್ತ ಬಾಣ ಉಗುಳುವ ಚಿತ್ರವಿದೆ. ಎರಡೂ ಒಂದನ್ನೊಂದು ಹೋಲುವುದು ನಿಜ. ಆದರೆ ಚಿತ್ರಕಾರ ಕಣ್ಣಾರೆ ಕಂಡು ಬರೆದನೇ, ಕೇಳಿ ಬರೆದನೇ? ಆ ಆಕಾರ ಎಷ್ಟು ಕಾಲ ಬಳಕೆಯಲ್ಲಿತ್ತು? ಚಿತ್ರದಿಂದ ಕೋವಿಗೆ ವಯಸ್ಸು ಕೊಟ್ಟು, ಮತ್ತೆ ಅದೇ ಕೋವಿಯನ್ನು ತೋರಿಸಿ ಚಿತ್ರ ನಿಜವೆಂದರೆ ಎರಡಕ್ಕೂ ಹೊರಗಿನ ಸಾಕ್ಷಿಯೇ ಇಲ್ಲದಂತಾಗುತ್ತದೆ. ಹಾಗಾಗಿ, ಎಷ್ಟೇ ಒರಟಾಗಿರಲಿ, ಬಾವಿಯ ಮಣ್ಣಿನಲ್ಲಿ ಸಿಕ್ಕ ಕೋವಿ ನನಗೆ ಹೆಚ್ಚು ಪ್ರಿಯ.

ಇದಕ್ಕೆ ಹೋಲಿಸಿದರೆ ಚೀನಾದ ಕೋವಿಗಳು ಭಾಗ್ಯವಂತವು. ಶಾಂಗ್ಡು ನಗರದ ಕಂಚಿನ ಕೋವಿಯ ಮೈಮೇಲೆ ಮಂಗೋಲರ ಕಾಲದ ಫಗ್ಸ್‌ಪಾ ಲಿಪಿಯಲ್ಲಿ 1298ಕ್ಕೆ ಸರಿಹೊಂದುವ ವರ್ಷವನ್ನೇ ಕೊರೆದಿದ್ದಾರೆ. ಆದರೆ 1970ರಲ್ಲಿ ಈಶಾನ್ಯ ಚೀನಾದ ಹೇಲೊಂಗ್‌ಜಿಯಾಂಗ್‌ನಲ್ಲಿ ಸಿಕ್ಕ ಇನ್ನೂ ಹಳೆಯದೆನ್ನುವ ಕೋವಿಯ ಮೇಲೆ ಅಕ್ಷರವಿಲ್ಲ. ಅದು ಸಿಕ್ಕ ಜಾಗದ ಸುತ್ತ 1287-88ರಲ್ಲಿ ದಂಗೆಯ ಯುದ್ಧಗಳು ನಡೆದವೆಂಬ ಬರಹವನ್ನು ನೆಚ್ಚಿ ಅದರ ಕಾಲ ಹೇಳುತ್ತಾರೆ. ಅಲ್ಲಿಯೂ ಕೊನೆಗೆ ಟಾನೆನ್‌ಬೆರ್ಗ್‌ನ ತರ್ಕವೇ.

ಪ್ರಯೋಗಾಲಯಕ್ಕೆ ಕಳುಹಿಸಿದರೆ ತಾರೀಖು ಬರುವುದಿಲ್ಲವೇ ಎಂದು ಯುವಕರು ಕೇಳುತ್ತಾರೆ. ಕಂಚಿಗೆ ವಯಸ್ಸು ಹೇಳುವ ಯಂತ್ರವಿಲ್ಲ. ತಾಮ್ರ, ತವರ, ಸೀಸದ ಪ್ರಮಾಣ ತಿಳಿಯುತ್ತದೆ, ಅಷ್ಟೇ. ವಯಸ್ಸು ಹೇಳಬಲ್ಲದ್ದು ಒಮ್ಮೆ ಜೀವವಿದ್ದ ವಸ್ತು: ಹಿಂಬದಿಯ ಪೊಳ್ಳಿನಲ್ಲಿ ಉಳಿದ ಮರದ ಚೂರು, ನಳಿಗೆಯೊಳಗಿನ ಇದ್ದಿಲು, ಬಟ್ಟೆ. ಮದ್ದಿನಲ್ಲಿ ಪೆಟ್ಲುಪ್ಪು, ಗಂಧಕ, ಇದ್ದಿಲು ಇರುತ್ತವೆ. ಪೆಟ್ಲುಪ್ಪು ಒದ್ದೆ ಮಣ್ಣಿನಲ್ಲಿ ಕರಗಿಹೋಗುತ್ತದೆ, ಇದ್ದಿಲು ಉಳಿಯುತ್ತದೆ. ಮದ್ದಿನ ಇದ್ದಿಲನ್ನು ಸಾಮಾನ್ಯವಾಗಿ ಎಳೆಯ ಕೊಂಬೆಗಳಿಂದ ಸುಡುತ್ತಿದ್ದರು, ಹಾಗಾಗಿ ನೂರಾರು ವರ್ಷದ ಹೆಮ್ಮರದ ತಿರುಳು ಲೆಕ್ಕ ತಪ್ಪಿಸುವ ಭಯವೂ ಕಡಿಮೆ. ಅಂದರೆ ನಳಿಗೆಯೊಳಗಿನ ಆ ಕಪ್ಪು ಕೊಳೆ ಇಡೀ ಕೋವಿಗಿಂತ ಹೆಚ್ಚು ಬೆಲೆಯುಳ್ಳದ್ದು. ಸಿಕ್ಕ ಕೂಡಲೇ ನೀರು ಹಾಕಿ, ಕಡ್ಡಿ ತೂರಿಸಿ ಒಳಗನ್ನು ಸ್ವಚ್ಛ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೊದಲು ಎಕ್ಸ್-ರೇ ತೆಗೆಯಬೇಕು. ಒಳಗೆ ಗುಂಡು, ಮದ್ದು ಇನ್ನೂ ಇರಬಹುದು. ಕಬ್ಬಿಣದ ನಳಿಗೆಯಾದರೆ ತಗಡನ್ನು ಸುತ್ತಿ ಬೆಸೆದ ಗೆರೆಯೂ ಕಾಣುತ್ತದೆ.

ಸ್ವೀಡನ್ನಿನ ಮಾರ್‌ಸ್ಟ್ರಾಂಡ್ ಬಳಿ ಕಡಲತಳದಲ್ಲಿ 2001ರಲ್ಲಿ ಮುಳುಗುಗಾರನೊಬ್ಬನಿಗೆ ಸಿಕ್ಕ ಪುಟ್ಟ ಫಿರಂಗಿಯ ವಿಷಯದಲ್ಲಿ ಈ ಎಚ್ಚರ ಫಲ ಕೊಟ್ಟಿತು. ಅದರ ಮದ್ದಿನ ಗೂಡಿನೊಳಗೆ ಬಟ್ಟೆಯ ತುಣುಕು ಉಳಿದಿತ್ತು. ಅದರಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆಯುವ ಪರೀಕ್ಷೆಯಿಂದ ಫಿರಂಗಿ 14ನೆಯ ಶತಮಾನದ್ದೆಂದು 2023ರಲ್ಲಿ ಪ್ರಕಟವಾಯಿತು. ಮದ್ದನ್ನು ಅಳೆದು ಬಟ್ಟೆಯ ಚೀಲದಲ್ಲಿ ಕಟ್ಟಿಡುವ ಪದ್ಧತಿ ಅಷ್ಟು ಹಿಂದೆಯೇ ಇತ್ತೆಂದೂ ತಿಳಿಯಿತು. ಲೋಹದಲ್ಲಿ ಸೀಸ ಸುಮಾರು ನೂರಕ್ಕೆ 14ರಷ್ಟು, ತವರ ಅತ್ಯಲ್ಪ. ಹೆಚ್ಚು ಮದ್ದು ತುಂಬಿದರೆ ಬಿರಿಯುವ ಲೋಹ. ಎರಕದವನಿಗೆ ಕೆಲಸ ಇನ್ನೂ ಪೂರ್ತಿ ಒಲಿದಿರಲಿಲ್ಲ ಎಂಬುದನ್ನು ಆ ಅಂಕಿಯೇ ಹೇಳುತ್ತದೆ. ಇಂಗಾಲದ ವಿಧಾನಕ್ಕೂ ಒಂದು ಮಿತಿ ಇದೆ. 14ನೆಯ ಶತಮಾನದಲ್ಲಿ ಗಾಳಿಯಲ್ಲಿದ್ದ ಆ ಇಂಗಾಲದ ಪ್ರಮಾಣ ಏರಿಳಿದ ಕಾರಣ, ಒಂದೇ ಮಾದರಿಗೆ ಶತಮಾನದ ಆರಂಭದ ಒಂದು ಅವಧಿ, ಕೊನೆಯ ಇನ್ನೊಂದು ಅವಧಿ ಹೀಗೆ ಎರಡು ಉತ್ತರಗಳು ಬರುವುದುಂಟು. ಯುರೋಪಿನಲ್ಲಿ ಕೋವಿ ಹುಟ್ಟಿ ಬೆಳೆದ ಶತಮಾನವೂ ಅದೇ. ಎರಡರಲ್ಲಿ ಯಾವುದು ಸರಿಯೆಂದು ತೀರ್ಮಾನಿಸಲು ಮತ್ತೆ ಮಣ್ಣಿನ ಪದರಕ್ಕೇ ಮರಳಬೇಕು.

ನಮ್ಮ ಕಡೆಯ ಕೋಟೆಗಳಲ್ಲಿ ಈ ಕೆಲಸ ಇನ್ನೂ ಕಷ್ಟ. ಬೀದರ್, ರಾಯಚೂರು, ವಿಜಯಪುರದ ಕೋಟೆಗಳು ಟಾನೆನ್‌ಬೆರ್ಗ್‌ನಂತೆ ಒಂದೇ ದಿನ ಸಾಯಲಿಲ್ಲ. ಒಬ್ಬರ ನಂತರ ಒಬ್ಬರು ಆಳಿದರು. ಒಂದೆಡೆಯ ಫಿರಂಗಿಯನ್ನು ಇನ್ನೊಂದೆಡೆಗೆ ಎಳೆದೊಯ್ದರು. ವಿಜಯಪುರದ ಮಲಿಕ್-ಎ-ಮೈದಾನ್ 1549ರಲ್ಲಿ ಎರಕವಾದದ್ದು ಅಹಮದ್‌ನಗರದಲ್ಲಿ. ಬತೇರಿಯ ಮೇಲಿರುವ ಫಿರಂಗಿಯಿಂದ ಬತೇರಿಯ ಕಾಲವನ್ನಾಗಲಿ, ಬತೇರಿಯಿಂದ ಫಿರಂಗಿಯ ಕಾಲವನ್ನಾಗಲಿ ನೇರವಾಗಿ ಹೇಳುವಂತಿಲ್ಲ. ಹೊಸನಗರ ತಾಲ್ಲೂಕಿನ ಆ ನಗರದ ಬಾವಿ ನನಗೆ ಅಮೂಲ್ಯವೆನಿಸುವುದು ಇದಕ್ಕಾಗಿಯೇ. ಒಂದೇ ಜಾಗ, ಒಂದೇ ಬಗೆಯ ವಸ್ತು, ಸಾವಿರಕ್ಕೂ ಹೆಚ್ಚು, ಮೇಲೆ ಕೆಸರಿನ ಮುಚ್ಚಳ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ನಿವೃತ್ತ ಶಿಕ್ಷಕರೊಬ್ಬರು ಎದ್ದು ಕೇಳಿದರು: ‘ಸ್ವಾಮಿ, ಆ ಟಾನೆನ್‌ಬೆರ್ಗ್ ಕೋವಿ ಯಾರದ್ದು? ಒಳಗಿದ್ದವರದೋ, ಮುತ್ತಿಗೆ ಹಾಕಿದವರದೋ?’

ಒಳಗಿದ್ದವರದು ಎಂಬ ಕಡೆಗೆ ನನ್ನ ಮನಸ್ಸು ವಾಲುತ್ತದೆ ಎಂದೆ. ಗೆದ್ದವರು ಒಂದೂಕಾಲು ಕಿಲೋ ಕಂಚನ್ನು ಬಿಟ್ಟುಹೋಗುವುದು ಕಡಿಮೆ, ಕಂಡಿದ್ದರೆ ಒಯ್ಯುತ್ತಿದ್ದರು. ಕಾಣದಂತೆ ಹೋಗಿದ್ದರೆ ಕಾವಲಿನವನ ಕೈಯಿಂದ ಜಾರಿರಬೇಕು, ಶತ್ರುವಿಗೆ ಸಿಗದಿರಲೆಂದು ಎಸೆದಿರಬೇಕು, ಇಲ್ಲವೇ ಕುಸಿದ ಗೋಡೆಯ ಜೊತೆ ಬಿದ್ದಿರಬೇಕು. ಈ ಮೂರರಲ್ಲಿ ಒಂದನ್ನು ಆರಿಸಲು, ಬಾವಿಯಲ್ಲಿ ಅದರ ಮೇಲೆ ಮತ್ತು ಕೆಳಗೆ ಇದ್ದ ಕಲ್ಲುಗಳ ಕ್ರಮ ಬೇಕು. ಆ ಕಲ್ಲುಗಳನ್ನು 1849ರಲ್ಲಿಯೇ ಮೇಲೆತ್ತಿ ಆಗಿದೆ.